ನಿಮ್ಮ ಕೇರಿಯ ನೀರು

ಭಾಗ್ಯ, ಅಂದು ಬಾಟಲಿಯಲ್ಲಿ ನಾನು ತಂದುಕೊಟ್ಟದ್ದು ನಿಮ್ಮ ಕೇರಿಯ ನೀರಲ್ಲ. ನಮ್ಮ ಮನೆಯ ನಲ್ಲಿ ನೀರು. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತೆ — ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ನಂಜನಗೂಡಿನ ಕಾಲೇಜಿನಲ್ಲಿ ನಮ್ಮ ಕೊನೆಯ ವರ್ಷ. ಹುಲ್ಲಹಳ್ಳಿ ಬಸ್ಸಿನಲ್ಲಿ ಒಂದೇ ಸೀಟಿಗೆ ಒತ್ತಿಕೊಂಡು ಹೋಗುತ್ತಿದ್ದ ನಾವಿಬ್ಬರೂ ಒಂದೇ ಊರಿನವರು. ನಾನು ಅಗ್ರಹಾರದವಳು, ನೀನು ಕೇರಿಯವಳು. ಊರೂರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕೆಂಬುದು ನಿನ್ನದೇ ಯೋಚನೆ, ನಮ್ಮ ತಂಡಕ್ಕೆ ನೀನೇ ನಾಯಕಿ. ನೀನು ಮಾಡಿದ ಕಟ್ಟಳೆಯೊಂದಿತ್ತು: ಯಾರೂ ತಮ್ಮ ಬೀದಿಯ ನೀರನ್ನು ತಾವೇ ತುಂಬಬಾರದು. "ನಾಳೆ ಯಾರೂ ನಮ್ ಕಡೆ ಬೊಟ್ಟು ಮಾಡ್ಬಾರ್ದು ಕಣೇ" ಎಂದಿದ್ದೆ ನೀನು. ಹಾಗಾಗಿ ನಿಮ್ಮ ಕೇರಿ ನನ್ನ ಪಾಲಿಗೆ ಬಂತು.

ಆ ದಿನ ಮನೆಯಲ್ಲಿ ತಾತನ ತಿಥಿ. ಅಜ್ಜಿ ಮಡಿಯಲ್ಲಿದ್ದರು. ಕೇರಿಗೆ ಹೋಗಿಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವಂತಿಲ್ಲ, ಮೇಲೆ ನೂರೆಂಟು ಪ್ರಶ್ನೆ... ಅಜ್ಜಿಯ ಮೇಲೆ ಹೊರಿಸುವುದು ಸುಲಭ. ನಿಜವೆಂದರೆ — ನನಗೇ ಹೋಗಲು ಮನಸ್ಸಿರಲಿಲ್ಲ. ಹಿತ್ತಲ ನಲ್ಲಿಯಲ್ಲಿ ಬಾಟಲಿ ತುಂಬಿ, ಕೇರಿಯ ಬೋರ್‌ವೆಲ್ ಎಂದು ಚೀಟಿ ಅಂಟಿಸಿದೆ.

ನೀರು ಶುದ್ಧವಾಗಿದೆ ಎಂದು ವರದಿ ಬಂತು. ನೀನು ಮನೆಮನೆಗೆ ಹೋಗಿ ಧೈರ್ಯ ಹೇಳಿದೆ. ಕೇರಿಗೆಂದು ಕೇಳಿದ್ದ ಶುದ್ಧ ನೀರಿನ ಘಟಕವನ್ನು, ನಮಗಿಂತ ಅವರಿಗೆ ಬೇಕು ಎಂದು ಪಕ್ಕದೂರಿಗೆ ನೀನೇ ಬಿಟ್ಟುಕೊಟ್ಟೆ.

ಬೀಳ್ಕೊಡುಗೆಯ ದಿನ ನಿನ್ನ ಸಂಶೋಧನೆ, ನಾಯಕತ್ವ, ಸೇವೆ ಎಲ್ಲವನ್ನೂ ಬಾಯ್ತುಂಬ ಹೊಗಳಿ ಶಾಲು ಹೊದಿಸಿದರು. ನೀನು ವೇದಿಕೆಯಿಂದ ಇಳಿದುಬಂದು ಅದೇ ಶಾಲನ್ನು ನನ್ನ ಹೆಗಲಿಗೆ ಹಾಕಿದೆ. "ನಮ್ ಕೇರಿಗ್ ಬಂದು ನೀರ್ ತಂದೋಳು ಇವ್ಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು — ನಕ್ಕೆ.

ಕೆಲವು ವರ್ಷಗಳಲ್ಲಿ ಕೇರಿಯ ಮಕ್ಕಳ ಹಲ್ಲು ಕಂದಿದವು, ದೊಡ್ಡವರ ಮಂಡಿ ಸೆಟೆದುಕೊಂಡವು. ಮತ್ತೆ ಪರೀಕ್ಷೆ ಮಾಡಿಸಿದಾಗ ಆ ನೀರಲ್ಲಿ ಫ್ಲೋರೈಡ್ ವಿಪರೀತ ಎಂದು ಗೊತ್ತಾಯಿತು. "ಸಾಲು ಒದ್ಕೊಂಡು ನಮ್ಗೆ ಇಸ ಕುಡ್ಸುದ್ಲು" ಎಂದು ನಿಮ್ಮವರೇ ನಿನ್ನನ್ನು ಅಂದರು. ತಪ್ಪು ನಿನ್ನದೇ ಎಂದು ನಂಬಿ ನೀನು ಟಿ. ನರಸೀಪುರಕ್ಕೆ ಹೊರಟುಹೋದೆ. ಅಲ್ಲಿ ಯಾವುದೋ ಶಾಲೆಯಲ್ಲಿ ಪಾಠ ಹೇಳುತ್ತಿದ್ದೀಯಂತೆ. ಹಬ್ಬಕ್ಕೂ ಊರಿಗೆ ಬರುವುದಿಲ್ಲವಂತೆ. ನಿನ್ನ ಬಗ್ಗೆ ಯಾರಾದರೂ ಮಾತೆತ್ತಿದರೆ ನಾನು ಇಂದಿಗೂ ಎದ್ದು ಒಳಗೆ ಹೋಗುತ್ತೇನೆ.

ನರಸೀಪುರದ ಬಸ್ಸು ಹತ್ತಿ ಬಂದು ನಿನ್ನ ಕೈ ಹಿಡಿದುಕೊಳ್ಳಬಹುದು. ಅದು ನನಗೆ ಸಮಾಧಾನವಾದೀತು, ನಿನಗಲ್ಲ. ನಿನ್ನ ಹೆಸರು ಕೆಟ್ಟದ್ದು ಕೇರಿಯಲ್ಲಿ. ಆದ್ದರಿಂದ ನಾಳೆ ಮೊದಲು ಅಲ್ಲಿಗೇ ಹೋಗುತ್ತೇನೆ. ಕೇರಿಯ ಯಜಮಾನರಿಗೆ ಹೇಳಿ ಎಲ್ಲರನ್ನೂ ಸೇರಿಸಿ, ಅವರ ಮುಂದೆ ನಿಂತು ಹೇಳುತ್ತೇನೆ. ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಅವ್ವ ಈಗ ಜಗಲಿಯವರೆಗೂ ನಡೆದು ಬರಲಾರರಂತೆ. ಅವರಿಗೆ ಮಾತ್ರ — ನಾನೇ ಹೊಸಿಲು ದಾಟಿ ಒಳಗೆ ಹೋಗಿ ಹೇಳಬೇಕು.