ಅಕ್ಕನಿಗೆ ಬಂದ ಗಾಡಿ

ನಾನು ಹುಟ್ಟಿದ್ದು ಕಂಪ್ಲಿಯ ಹೊರಕೇರಿಯಲ್ಲಿ. ಅಪ್ಪ ಪ್ಲೇಗಿನಲ್ಲಿ ಹೋದಮೇಲೆ ಅಜ್ಜಿ, ಅವ್ವ, ಅಕ್ಕ, ನಾನು ಉಳಿದೆವು. ಗಂಡು ದಿಕ್ಕಿಲ್ಲದ ಮನೆಯೆಂದು ಅಜ್ಜಿ ಅಕ್ಕನನ್ನು ದೇವರ ಹೆಸರಿನಲ್ಲಿ ಬಸವಿ ಬಿಡಲು ನಿಶ್ಚಯಿಸಿದಳು. ಬಸವಿಯಾದವಳಿಗೆ ಮದುವೆಯಿಲ್ಲ, ಊರ ಗಂಡಸರಿಗೆ ಅವಳ ಬಾಗಿಲು ತೆರೆದಿರಬೇಕು. ಅಕ್ಕನಿಗೆ ಹನ್ನೆರಡು, ನನಗೆ ಎಂಟು.

ಆಗ ನಮ್ಮ ಕೇರಿಯ ಹುಣಸೆಮರದಡಿ ಮಿಶನ್ನಿನವರ ಶಾಲೆಯಿತ್ತು. ಟೀಚರಮ್ಮನೂ ನಮ್ಮಂಥದೇ ಕೇರಿಯಲ್ಲಿ ಹುಟ್ಟಿದವರು. ಊರೊಳಗಿನ ಶಾಲೆಯ ಕಟ್ಟೆಯನ್ನೂ ಮುಟ್ಟಲಾಗದ ನಮ್ಮ ಬೆರಳು ಹಿಡಿದು ಮರಳಿನಲ್ಲಿ ಅಕ್ಷರ ತಿದ್ದಿಸಿದರು. ಎಲ್ಲರಿಗಿಂತ ಜಾಣೆ ಅಕ್ಕ.

ಬಸವಿ ಬಿಡುವ ಸುದ್ದಿ ಕಿವಿಗೆ ಬಿದ್ದದ್ದೇ ಅವರು ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದರು. ಅಜ್ಜಿ ಸಂತೆಗೆ ಹೋಗಿದ್ದಳು.

"ಹೊಸಪೇಟಿ ಬೋರ್ಡಿಂಗಿನ್ಯಾಗ ಒಂದು ಜಾಗ ಐತಿ. ದೊಡ್ಡಾಕೀನ ಕಳಸವ್ವಾ," ಎಂದರು.

"ಅಕಿ ಹೊಳಿಗೆ ಹೋಗ್ಯಾಳ. ಜಲ್ದಿ ಓಡಿ ಕರ್ಕೊಂಬಾ," ಎಂದು ಅವ್ವ ನನ್ನನ್ನು ಅಟ್ಟಿದಳು.

ಅಕ್ಕ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕೂಗಲು ಬಾಯಿ ತೆರೆದೆ. ಅವಳು ಹೋದರೆ ಮುಂದೆ ಅಜ್ಜಿ ನನ್ನನ್ನೇ ಬಸವಿ ಬಿಡುತ್ತಾಳೆಂದು ಹೊಳೆಯಿತು. ಜಾಲಿ ಪೊದೆಯ ಹಿಂದೆ ಸ್ವಲ್ಪ ಹೊತ್ತು ನಿಂತು, ತಿರುಗಿ ಓಡಿದೆ.

"ಬರಂಗಿಲ್ಲಂತ," ಎಂದೆ.

ಟೀಚರಮ್ಮ ಸಂತೆಯ ದಾರಿಯತ್ತ ನೋಡಿದರು. ಅಜ್ಜಿ ಬರುವ ಹೊತ್ತಾಗಿತ್ತು. "ಹಂಗಾರ ಇಕಿಯರ ಉಳೀಲಿ," ಎಂದು ನನ್ನನ್ನು ಗಾಡಿಗೆ ಹತ್ತಿಸಿಕೊಂಡರು. ಮುಂದಿನ ಹುಣ್ಣಿಮೆಗೆ ಅಕ್ಕನಿಗೆ ಮುತ್ತು ಕಟ್ಟಿ ಬಸವಿ ಬಿಟ್ಟರು.

ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗಿಯರೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದೆವು. ಓದಿದೆ, ಮಿಶನ್ ಆಸ್ಪತ್ರೆಯಲ್ಲಿ ನರ್ಸಾದೆ. ನಮ್ಮವರು ಯಾವ ಮನೆಗಳ ಅಂಗಳಕ್ಕೆ ಕಾಲಿಡಬಾರದಿತ್ತೋ ಆ ಮನೆಗಳ ಹೆಂಗಸರು ಹೆರಿಗೆಯ ನೋವಿನಲ್ಲಿ ನನ್ನ ಕೈ ಬಿಗಿಹಿಡಿಯುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಹಾಡು ನಿಂತಕೂಡಲೇ ಬಂಡೆಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಪಕ್ಕದವರಿಗೆ ಕೇಳುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಕ್ಕ ತನ್ನ ಮಗಳ ಕೈಹಿಡಿದು ಆಸ್ಪತ್ರೆಯ ಬಾಗಿಲಿಗೆ ಬಂದಳು. ಮೂವತ್ತು ತುಂಬುವ ಮೊದಲೇ ಅವಳ ಕೂದಲು ನರೆತಿತ್ತು.

"ಇಕಿಗೆ ಮುತ್ತು ಕಟ್ಟಾಕ ನಾ ಬಿಡಂಗಿಲ್ಲ. ನಿಮ್ಮ ಸಾಲ್ಯಾಗ ಇಟ್ಕೋ," ಎಂದಳು.

"ಆತಕ್ಕ," ಎಂದೆ. ಕುಳಿತುಕೊಳ್ಳಲು ಹೇಳಿದರೂ ನಿಂತೇ ಇದ್ದಳು.

"ನೀ ಜಾಲಿ ಹಿಂದ ನಿಂತಿದ್ದು ಕಂಡಿದ್ದೆ," ಎಂದಳು ಮೆಲ್ಲಗೆ. "ಆಟಕ್ಕ ಅಡಗೀದಿ ಅನ್ಕೊಂಡೆ. ಮನಿಗೆ ಬಂದ್ರ ಅವ್ವ, 'ಯಾಕ ಒಲ್ಲೆ ಅಂದಿ?' ಅಂತ ಅತ್ಲು. ನಾನಽ ಒಲ್ಲೆ ಅಂದೆ ಅಂತ ಹೇಳಿಬಿಟ್ಟೆ. ನಿಜ ಹೇಳಿದ್ರ ನಿನ್ನ ವಾಪಸ್ ಕರೆಸಿರೋರು."

ಅವಳು ಮಗಳ ತಲೆ ಸವರಿ, ಬಂದ ದಾರಿಯಲ್ಲೇ ನಡೆದು ಹೋದಳು. ಎರಡು ವರ್ಷಕ್ಕೆ ಕಾಲರಾದಲ್ಲಿ ತೀರಿಕೊಂಡಳು. ನಾನು ಕಂಪ್ಲಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಆ ಮಗಳು ಈಗ ಟೀಚರು. ಸಣ್ಣಂದಿನಲ್ಲಿ ತನ್ನವ್ವ ಹೆಂಗಿದ್ದಳೆಂದು ಆಗಾಗ ಕೇಳುತ್ತಾಳೆ. ಭಾಳ ಜಾಣೆ ಇದ್ದಳು ಎನ್ನುತ್ತೇನೆ. ಅದರಾಚೆಗೆ ಇವತ್ತಿಗೂ ಬಾಯಿ ಬಿಟ್ಟಿಲ್ಲ.