ಗೇಟಿನ ಹೊರಗಿನ ಶೀನಣ್ಣ

ಲಂಡನ್ನಿನ ಯಾವ ಮ್ಯೂಸಿಯಂನಲ್ಲಿ ಏನಿದೆ ಎಂಬುದನ್ನು ಶೀನಣ್ಣನಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಅವರು ಒಂದೇ ಒಂದು ಮ್ಯೂಸಿಯಂನ ಒಳಗೂ ಕಾಲಿಟ್ಟಿರಲಿಲ್ಲ ಎಂಬುದು ನಮಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ಕುಂದಾಪುರದ ಕಡೆಯವರು. ಈಸ್ಟ್ ಹ್ಯಾಮ್‌ನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹುಯ್ದು ನಿವೃತ್ತರಾಗಿದ್ದರು. ಒಂಟಿ ಜೀವ, ಜುಲೈ ತಿಂಗಳಲ್ಲೂ ತಲೆಗೆ ಉಣ್ಣೆಯ ಟೊಪ್ಪಿ. ನಮ್ಮಂಥವರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ನಾವು ಆಫೀಸಿಗೆ ಹೊರಟರೆ ಅವರು ಕಿಟಕಿಯಲ್ಲಿ ನಿಂತು ಎದುರು ಮನೆಯ ಬೆಕ್ಕನ್ನು ನೋಡುತ್ತಾ ದಿನ ದೂಡುತ್ತಾರೆ. ಆಗ ಯಾರಾದರೊಬ್ಬರು "ಶೀನಣ್ಣನಿಗೆ ಫೋನ್ ಮಾಡಿ" ಅನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಅವರು ಎರಡು ಟ್ಯೂಬ್ ರೈಲು ಬದಲಿಸಿ ನಮ್ಮ ಗ್ರೀನ್‌ಫರ್ಡ್‌ಗೆ ಹಾಜರು. ಕೈಯಲ್ಲಿ ಬುತ್ತಿಯ ಚೀಲ, ಬಾಯಲ್ಲಿ ಇಡೀ ಲಂಡನ್.

ದಾರಿಯುದ್ದಕ್ಕೂ ವರ್ಣನೆ. "ಒಳಗೆ ಒಂದ್ ಹೆಣ ಇತ್ತ್. ಸತ್ತ್ ಸಾವಿರಾರ್ ವರ್ಷ ಆಯ್ತ್, ಹಲ್ಲ್ ಒಂದೂ ಬಿದ್ದಿಲ್ಲೆ ಮರಾಯ್ರೆ! ನಮ್ಗೆ ಅರವತ್ತಕ್ಕೇ ಕೈಗ್ ಬತ್ತ್." ಗೇಟು ಬಂದ ಕೂಡಲೇ ಎಲ್ಲರ ಚೀಲಗಳನ್ನೂ ತಾವೇ ಇಸಿದುಕೊಂಡು ಬೆಂಚಿನ ಮೇಲೆ ಕುಳಿತುಬಿಡುವರು. "ನೀವ್ ಕಂಡ್ಕಂಡ್ ಬನ್ನಿ. ಮೂವತ್ತ್ ವರ್ಷ ಕಾವಲಿ ಎದ್ರ್ ನಿಂತವ, ಕೂಕಂಬುದೇ ನಂಗೆ ಟೂರ್." ಹೊರಗೆ ಬಂದವರಿಗೆ ಒಂದು ಪರೀಕ್ಷೆ ಕಾದಿರುತ್ತಿತ್ತು. ಏನು ನೋಡಿದಿರಿ, ಎಲ್ಲಿತ್ತು, ಎಷ್ಟು ದೊಡ್ಡದು ಎಂದು ವರದಿ ಒಪ್ಪಿಸದೆ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆರೆಯುತ್ತಿರಲಿಲ್ಲ. ಹಸಿದವರು ಚುರುಕಾಗಿ ಹೇಳುತ್ತಿದ್ದರು. ಹೀಗೆ ಬೆಳಗಾವಿಯ ಅಜ್ಜಿ ಕಂಡ ಹೆಣ, ಉಡುಪಿಯ ಭಟ್ಟರು ಕಂಡ ತಿಮಿಂಗಿಲದ ಎಲುಬು ಎಲ್ಲವೂ ಶೀನಣ್ಣನ ಹೊಟ್ಟೆಗೆ ಸೇರಿ, ಮುಂದಿನ ವಾರ ಒಗ್ಗರಣೆ ಸಮೇತ ಹೊರಬರುತ್ತಿದ್ದವು.

ಈ ಗುಟ್ಟನ್ನು ಹಿಡಿದವಳು ಧಾರವಾಡದಿಂದ ಬಂದಿದ್ದ ನನ್ನ ಅವ್ವ. ಅಂದು ನಾನೂ ರಜೆ ಹಾಕಿ ಜೊತೆಗಿದ್ದೆ. ಗೇಟಿನ ಬಳಿ ಅವ್ವ ಸಹಜವಾಗಿ ಕೇಳಿದಳು, "ಒಳಗ ಥಂಡಿ ಇರ್ತೈತೇನ್ರೀ? ಸ್ವೆಟರ್ ಹಾಕ್ಕೊಳ್ಲೋ ಬ್ಯಾಡೋ?"

ಶೀನಣ್ಣ ತಬ್ಬಿಬ್ಬಾದರು. "ಕಳ್ದ್ ವಾರ ಹೋದವ್ರ್ ಎಂತದೂ ಹೇಳ್ಲಿಲ್ಲೆ..."

ಅವ್ವ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಆ ಹೊಳಪು ಬಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ. ಹೊರಗೆ ಬಂದು, ಪರೀಕ್ಷೆಯಲ್ಲಿ ಗಂಭೀರವಾಗಿ ಉತ್ತರ ಕೊಟ್ಟಳು: "ಎರಡನೇ ಮಾಳಿಗ್ಯಾಗ ಒಂದ್ ರುಬ್ಬೋ ಕಲ್ಲ ಇಟ್ಟಾರ್ರೀ, ಗಾಜಿನ ಪೆಟ್ಟಿಗ್ಯಾಗ. ಕುಂದಾಪುರದ್ದು ಅಂತ ಬರದಾರ." ಅಂಥದ್ದೇನೂ ಅಲ್ಲಿರಲಿಲ್ಲ. ನಾನು ನಗು ತಡೆಯಲಾರದೆ ಪಾರಿವಾಳಗಳ ಕಡೆ ತಿರುಗಿದೆ.

ಎರಡೇ ವಾರದಲ್ಲಿ ಆ ಕಲ್ಲು ಲಂಡನ್ನಿನ ಕನ್ನಡಿಗರೆಲ್ಲರ ಬಾಯಿಗೆ ಬಿತ್ತು. ತಮಾಷೆಯೆಂದರೆ, ಹೋದವರೆಲ್ಲ ಅದನ್ನು ಕಂಡೇ ಬರುತ್ತಿದ್ದರು. ತಾನೊಬ್ಬನೇ ಕಾಣಲಿಲ್ಲವೆಂದು ಒಪ್ಪಿಕೊಳ್ಳುವವರು ಯಾರು? ಪಿನ್ನರ್‌ನಲ್ಲಿರುವ ಮಗಳ ಮನೆಗೆ ಬಂದಿದ್ದ ಮೈಸೂರಿನ ಹೆಡ್‌ಮಾಸ್ಟರೊಬ್ಬರಂತೂ, "ನೋಡ್ದೆ ನೋಡ್ದೆ, ಹೊಯ್ಸಳರ ಕಾಲದ್ದು ಇರ್ಬೇಕು" ಎಂದು ಕಾಲಮಾನವನ್ನೂ ನಿಗದಿ ಮಾಡಿದ್ದರು. ನಾನೂ ಅವ್ವನೂ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು.

ಅವ್ವ ಊರಿಗೆ ಹೊರಡುವ ಹಿಂದಿನ ವಾರ ಶೀನಣ್ಣ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ತಲೆಯ ಮೇಲೆ ಟೊಪ್ಪಿಯಿಲ್ಲ.

"ಇವತ್ತ್ ಚೀಲ ನೀವ್ ಕಾಯಿನಿ ಅಕ್ಕಾ. ನಾನೊಂದ್ ಸಲ ಒಳಗ್ ಹೋಯಿ ಬತ್ತೆ. ಹನ್ನೆರಡ್ ವರ್ಷಕ್ಕೆ ಊರಲ್ಲ್ ಹೋಟ್ಲ್ ಸೇರ್ದವ ನಾನ್. ಆ ಕಲ್ಲ್ ತಿರ್ಗ್ಸಿ ತಿರ್ಗ್ಸಿ ಅಂಗೈ ಸಿಪ್ಪೆ ಎದ್ದಿತ್ತ್, ರಾತ್ರಿ ಉಂಬುಕೂ ಆತಿರ್ಲಿಲ್ಲೆ. ಅಂಥದ್ನ್ ಗಾಜಿನ್ ಪೆಟ್ಗಿ ಒಳ್ಗ್ ಇಟ್ಟ್ ಮರ್ಯಾದಿ ಮಾಡಿರ್ ಅಂದ್ರೆ ಕಾಣ್ದೇ ಇಪ್ಪುಕ್ ಆತ್ತಾ?"

ಅವ್ವನ ಮುಖ ಸಪ್ಪಗಾಯಿತು. ಟ್ಯೂಬಿನಲ್ಲಿ ನಿಜ ಹೇಳಲು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಅವರು ಕಾಲರ್ ಸರಿಮಾಡಿಕೊಳ್ಳುವುದನ್ನು ನೋಡಿ ಮುಚ್ಚಿದಳು. ನನಗೂ ಧೈರ್ಯವಾಗಲಿಲ್ಲ. ಅವರು ಒಳಗೆ ಹೋದ ಮೇಲೆ ನಾವಿಬ್ಬರೂ ಅಪರಾಧಿಗಳಂತೆ ಬೆಂಚಿನ ಮೇಲೆ ಕುಳಿತೆವು. "ಮುದುಕರ ಜೋಡಿ ಇಂಥಾ ಹುಡುಗಾಟ ಆಡಬಾರದಿತ್ತು" ಎಂದು ಎಪ್ಪತ್ತು ದಾಟಿದ ಅವ್ವ ಪೇಚಾಡಿದಳು. ಅರ್ಧ ಗಂಟೆಯಲ್ಲಿ ಸಿಟ್ಟಿನಿಂದ ಬಂದಾರು ಎಂದುಕೊಂಡಿದ್ದೆವು. ಎರಡೂವರೆ ಗಂಟೆಯಾಯಿತು.

ಕೊನೆಗೂ ಬಂದರು. ಮುಖದಲ್ಲಿ ಏನೂ ಇಲ್ಲ. ನಿಧಾನಕ್ಕೆ ಕುಳಿತು, ಮೊಣಕಾಲು ನೀವಿಕೊಂಡರು.

"ಸಿಕ್ತೇನ್ರೀ?" ಅವ್ವನ ದನಿ ಸಣ್ಣಗಾಗಿತ್ತು.

"ಸಿಕ್ಕದೇ ಎಂತ? ಆದ್ರೆ ನಮ್ ಕುಂದಾಪ್ರದ್ದಲ್ಲ ಅಕ್ಕಾ, ನಿಮ್ ಧಾರವಾಡದ್ದ್. ಪಕ್ಕದಲ್ ಒಂದ್ ಹೆಂಗ್ಸಿನ್ ಬೊಂಬೆಯೂ ನಿಲ್ಸಿರ್, ಥೇಟ್ ನಿಮ್ ಹಾಂಗೇ ಇತ್ತ್. 'ಸುಳ್ಳ್ ಹೇಳುವ ಹೆಂಗ್ಸ್, ಭಾರಿ ಹಳೇ ಕಾಲದ್ದ್' ಅಂದ್ ಬರ್ದಿರ್."

ಅವ್ವ ನಕ್ಕಳು, ನಗುತ್ತಲೇ ಅತ್ತಳು, "ತಪ್ಪಾತ್ರೀ ಶೀನಣ್ಣಾರ" ಎಂದು ಕೈಮುಗಿದಳು. ಅವರು ಕೈ ಬೀಸಿ, "ತಪ್ಪೆಂತದ್ದ್? ಹಸಿವ್ ಆತ್ತ್, ಡಬ್ಬಿ ತೆಗಿನಿ" ಎಂದರು. ಮೂವರೂ ಅವಲಕ್ಕಿ ತಿಂದು, ಹೆಡ್‌ಮಾಸ್ಟರ ಹೊಯ್ಸಳ ಕಲ್ಲನ್ನು ನೆನೆದು ಮತ್ತೆ ನಕ್ಕು, ಸ್ಟೇಷನ್ನಿನಲ್ಲಿ ಬೀಳ್ಕೊಂಡೆವು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಆ ಚಳಿಗಾಲದಲ್ಲಿ ಶೀನಣ್ಣ ನಿದ್ದೆಯಲ್ಲೇ ಹೋದರು. ಫೋನಿನಲ್ಲಿ ತಿಳಿಸಿದಾಗ ಅವ್ವ ಕೇಳಿದಳು, "ಅವತ್ತು ಒಳಗ ಅಷ್ಟೊತ್ತು ಏನ್ ನೋಡಿದ್ರಂತ?"

ನನಗೆ ಗೊತ್ತಿರಲಿಲ್ಲ. ಊರಿನಿಂದ ಬಂದ ಪ್ರತಿಯೊಬ್ಬರನ್ನೂ ಎದುರು ಕೂರಿಸಿಕೊಂಡು, ಏನು ಕಂಡಿರಿ ಎಂದು ಆಸೆಯಿಂದ ಕೇಳಿದ ಮನುಷ್ಯ, ಜೀವನದಲ್ಲಿ ಮೊದಲ ಸಲ ತಾವೇ ನೋಡಿಬಂದು ನಮ್ಮ ಪಕ್ಕದಲ್ಲಿ ಕುಳಿತಿದ್ದರು. ನಗುವ ಭರದಲ್ಲಿ ನಾವಿಬ್ಬರೂ ಅವರನ್ನು ಕೇಳಲೇ ಇಲ್ಲ.