ಐವತ್ತೆಂಟನೇ ಪುಟದ ಒಂದು ಪದ

ನನ್ನ ಗಂಡ ಓಲಿವರ್ ಪ್ರತಿ ಶುಕ್ರವಾರ, ಅಂದರೆ ಈ ಗಲ್ಫಿನ ವಾರದ ರಜೆಯ ದಿನ, ತಪ್ಪದೆ ಇಗರ್ಜಿಗೆ ಹೋಗುವವನು. ಆದಿತ್ಯವಾರದಿಂದ ಗುರುವಾರದವರೆಗೆ ಮನಾಮಾದ ಒಂದು ಇಸ್ಲಾಮಿಕ್ ಫೈನಾನ್ಸ್ ಕಂಪೆನಿಯಲ್ಲಿ ಕುಳಿತು ಯಾವ ಹಣ ಹಲಾಲ್, ಯಾವುದು ಹರಾಮ್ ಎಂದು ಲೆಕ್ಕ ಬರೆಯುವವನು. ಆ ಲೆಕ್ಕದ ನಿಯಮಗಳ ದಪ್ಪ ಪುಸ್ತಕ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿನಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇದೆ. ನಾಲ್ಕು ವರ್ಷದ ಮಗಳು ಗ್ಲೆನಿಟಾ ಆ ನಿಯಮದ ಪುಸ್ತಕದಲ್ಲಿ ಬೆಕ್ಕಿನ ಚಿತ್ರ ಬರೆದ ದಿನ ಮಾತ್ರ ಅವನು ಅವಳಿಗೆ ಗದರಿದ್ದು.

ಕೆಲಸಕ್ಕೆ ಸೇರಿದ ಮೊದಲ ವಾರ ಅಭ್ಯಾಸಬಲದಿಂದ ಒಂದು ಪತ್ರದಲ್ಲಿ ‘ಇಂಟರೆಸ್ಟ್’ ಎಂದು ಬರೆದಿದ್ದನಂತೆ. ಬಡ್ಡಿಯನ್ನು ಮುಟ್ಟದ ಕಂಪೆನಿ. ಅಲ್ಲಿ ನಡೆಯುವ ಪದ ‘ಪ್ರಾಫಿಟ್’. ಮೇಲಧಿಕಾರಿ ಅಮೀನ್ ಸಾಹೇಬರು, ನಮ್ಮ ಉಳ್ಳಾಲದ ಕಡೆಯವರೇ, ಎಲ್ಲರೆದುರು ಬೈದರು. ಅಂದೇ ಇವನು ತನ್ನ ಕಂಪ್ಯೂಟರಿಗೆ ಪಾಠ ಕಲಿಸಿದ: ‘ಇಂಟರೆಸ್ಟ್’ ಎಂದು ಟೈಪ್ ಮಾಡಿದರೆ ಅದು ತಾನಾಗಿ ‘ಪ್ರಾಫಿಟ್’ ಆಗಬೇಕು. ಕಲಿಸಿದ್ದನ್ನು ಆರು ವರ್ಷದಲ್ಲಿ ಅವನೇ ಮರೆತ. ಕಂಪ್ಯೂಟರು ಮರೆಯಲಿಲ್ಲ.

ಬಡ್ಡಿ ಬೇಡವೆಂದರೂ ಒಮ್ಮೊಮ್ಮೆ ಬಂದುಬಿಡುತ್ತದೆ. ಹೊರದೇಶದ ಸಾಮಾನ್ಯ ಬ್ಯಾಂಕಿನಲ್ಲಿ ಇಟ್ಟ ಹಣಕ್ಕೆ ಅವರು ಸೇರಿಸುತ್ತಾರೆ. ಹಾಗೆ ಬಂದದ್ದೆಷ್ಟು, ಎಲ್ಲಿಂದ, ಅದನ್ನು ಯಾವ ದಾನಕ್ಕೆ ಕಳಿಸಿದೆವು ಎಂದು ವಾರ್ಷಿಕ ವರದಿಯಲ್ಲಿ ಬಾಯಿಬಿಟ್ಟು ಹೇಳಬೇಕು, ಮುಚ್ಚಿಡುವಂತಿಲ್ಲ. “ಪಾದ್ರಿಗಳ ಹತ್ತಿರ ಪಾಪ ಒಪ್ಪಿಕೊಂಡು ಕುಮ್ಸಾರ್ ಹೇಳಿದ ಹಾಗೆ,” ಎನ್ನುತ್ತಾನೆ ಓಲಿವರ್. ಪ್ರತಿ ವರ್ಷ ಹಳೆಯ ಪ್ಯಾರಾವನ್ನೇ ಎತ್ತಿಹಾಕಿ ಅಂಕಿ ಬದಲಿಸುತ್ತಿದ್ದವನು ಈ ವರ್ಷ ಅದನ್ನು ಹೊಸದಾಗಿ ಟೈಪ್ ಮಾಡಿದ, ಅದೂ ಪ್ರೆಸ್ಸಿಗೆ ಹೋಗುವ ಅವಸರದಲ್ಲಿ.

ಬುಧವಾರ ಅಚ್ಚಾದ ವರದಿಯ ಪುಸ್ತಕ ಮನೆಗೆ ತಂದ. ನಾನು ಬಟ್ಟೆ ಮಡಚುತ್ತಿದ್ದೆ. ತನ್ನ ಪ್ಯಾರಾವನ್ನು ಓದಿ ಹೇಳತೊಡಗಿದವನು ನಡುವಿನಲ್ಲಿ ನಿಂತ.

“ಎಂತಾಯ್ತು?”

“ಪ್ರಾಫಿಟ್ ಅಂತ ಉಂಟು.”

“ಲಾಭ ಬಂದ್ರೆ ಒಳ್ಳೇದಲ್ವಾ?”

“ಬಡ್ಡಿ ಬಂತು, ಅದು ನಮಗೆ ಸಲ್ಲದ್ದು, ಬಿಟ್ಟುಕೊಟ್ಟೆವು ಅಂತ ಇರ್ಬೇಕಿತ್ತು. ಈಗ ಲಾಭ ಬಂತು, ದಾನ ಮಾಡಿದೆವು ಅಂತ ಉಂಟು. ಪಾಪ ಹೋಗಿ ಪುಣ್ಯ ಆಗಿದೆ ಮಾರಾಯ್ತಿ!”

ನನಗೆ ನೆನಪಾದದ್ದು ಬೇರೆಯೇ. ತಿಂಗಳ ಕೊನೆಗೆ ನಮ್ಮ ವೀಸಾ ಮುಗಿಯುತ್ತಿತ್ತು. ಎರಡು ವರ್ಷಕ್ಕೆ ನವೀಕರಿಸುವ ಕಾಗದ ಅಮೀನ್ ಸಾಹೇಬರ ಮೇಜಿನ ಮೇಲಿತ್ತು. ಅದನ್ನೇ ನಂಬಿ ಎರಡು ವರ್ಷದ ಬಾಡಿಗೆ ಕರಾರನ್ನು ನಾನು ಪೆನ್ನಿನಲ್ಲಿ ತುಂಬಿ ಫ್ರಿಜ್ಜಿನ ಮೇಲೆ ಇಟ್ಟಿದ್ದೆ.

“ಸಾಹೇಬರಿಗೆ ಈಗ ಹೇಳ್ಬೇಡ,” ಎಂದೆ. “ಸಹಿ ಬೀಳಲಿ. ಮತ್ತೆ ಹೇಳು.”

“ಮಂಗಳವಾರ ಷೇರುದಾರರ ಸಭೆ. ಮತ್ತೆ ಹೇಳಿ ಎಂತ ಪ್ರಯೋಜನ?”

ಗುರುವಾರ ಹೋಗಿ ಹೇಳಿಯೇಬಿಟ್ಟ.

“ಖಲ್ಲಿ ವಲ್ಲಿ, ಬಿಟ್ಟಾಕು ಮಾರಾಯ!” ಎಂದರಂತೆ ಸಾಹೇಬರು. “ಐವತ್ತೆಂಟನೇ ಪುಟ ಯಾರು ಓದ್ತಾರೆ? ನಿನ್ನ ಹೆಂಡ್ತಿ ಓದ್ತಾಳಾ?”

“ಅವಳಿಗೆ ಓದಿ ಹೇಳಿದ್ದೇನೆ ಸರ್.”

“ಅರಬಿಯಲ್ಲಿ ಸರಿ ಉಂಟಲ್ಲ?”

“ಅರಬಿಯಲ್ಲಿ ಬಡ್ಡಿ, ಇಂಗ್ಲಿಷಿನಲ್ಲಿ ಲಾಭ. ಎರಡೂ ಓದುವವರು ಎಂತ ತಿಳಿದಾರು?”

“ಇಗರ್ಜಿಗೆ ಹೋಗುವವ ನೀನು ನನಗೆ ಹರಾಮ್ ಕಲಿಸ್ತೀಯಾ?” ಎಂದರು. ಆಮೇಲೆ ಆ ಪುಟ ತೆರೆದು ನೋಡಿ, “ತಿದ್ದುಪಡಿ ಚೀಟಿ ಅಂಟಿಸು. ತಪ್ಪು ನಿನ್ನದು, ಕೆಲಸವೂ ನಿನ್ನದೇ,” ಎಂದರು.

ಶುಕ್ರವಾರ ಪೂಜೆ ಮುಗಿಸಿ ಬರುವಾಗ ಹೂರಾದ ಪ್ರೆಸ್ಸಿನಿಂದ ತಂದ ಮುನ್ನೂರು ಪುಸ್ತಕ, ಮುನ್ನೂರು ಚೀಟಿ ಕಾರಿನ ಡಿಕ್ಕಿಯಲ್ಲಿದ್ದವು. ಊಟದ ಮೇಜಿನಲ್ಲಿ ಗೋಂದು ಹಚ್ಚುತ್ತ ಕುಳಿತೆವು. ತೊಂಬತ್ತು ಮುಗಿದಿತ್ತು. ಗ್ಲೆನಿಟಾ ಒಂದು ಚೀಟಿ ಹಿಡಿದು, ಕೆಜಿಯಲ್ಲಿ ಜೋಡಿ ಹುಡುಕುವ ಆಟದ ಹಾಗೆ ಬೆರಳಿಟ್ಟು ಕುಣಿದಳು.

“ಮಮ್ಮಾ, ಸೇಮ್ ಸೇಮ್!”

ಓದಿದೆ. ‘ಪುಟ ಐವತ್ತೆಂಟರಲ್ಲಿ ಪ್ರಾಫಿಟ್ ಎಂದಿರುವುದನ್ನು ಪ್ರಾಫಿಟ್ ಎಂದು ಓದಿಕೊಳ್ಳಬೇಕು.’

ಚೀಟಿಯನ್ನೂ ಅದೇ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದ! ಗೋಂದಿನ ಬ್ರಷ್ಷನ್ನು ಸಿಂಕಿಗೆ ಎಸೆದೆ. “ಮಗಳಿಗೆ ಎ ಬಿ ಸಿ ಕಲಿಸ್ಲಿಕ್ಕೆ ನಿನಗೆ ಪುರುಸೊತ್ತಿಲ್ಲ. ಆ ಪೆಟ್ಟಿಗೆಗೆ ಎಷ್ಟು ಚೆಂದ ಕಲಿಸಿದ್ದಿ ನೋಡು!”

ಅವನ ಅಂಗಿಯ ತೋಳಿಗೆಲ್ಲ ಗೋಂದು ಮೆತ್ತಿತ್ತು. ಬೈದು ಮುಗಿಸಿ ನೋಡಿದರೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಪ್ರೆಸ್ ಮುಚ್ಚಿತ್ತು. ಪೆನ್ನು ತಂದು ಒಂದೊಂದೇ ಚೀಟಿಯ ಎರಡನೇ ‘ಪ್ರಾಫಿಟ್’ ಹೊಡೆದು ‘ಇಂಟರೆಸ್ಟ್’ ಎಂದು ಬರೆಯುತ್ತ ಹೋದೆ. ಅಕ್ಷರ ನನ್ನದೇ ಚೆಂದ. ಶನಿವಾರ ಮಧ್ಯಾಹ್ನ ಮುನ್ನೂರನೆಯದು ಮುಗಿದಾಗ ಬೆರಳು ಮಡಚಲು ಬರುತ್ತಿರಲಿಲ್ಲ.

ಸಭೆಯಲ್ಲಿ ಯಾರೋ ಹಿರಿಯರೊಬ್ಬರು ಪುಸ್ತಕ ಎತ್ತಿ, ಇದನ್ನು ಕೈಯಲ್ಲಿ ಬರೆದವರು ಯಾರು ಎಂದು ಕೇಳಿದರಂತೆ. ಓಲಿವರ್ ಎದ್ದು ನಿಂತು ಮೊದಲಿನಿಂದ ಎಲ್ಲ ಹೇಳಿದ. ಸಭೆ ನಕ್ಕಿತು. ಅಮೀನ್ ಸಾಹೇಬರು ನಗಲಿಲ್ಲ.

ಸಂಜೆ ಬಂದವನ ಕೈಯಲ್ಲಿ ವೀಸಾದ ಕಾಗದವಿತ್ತು. ಸಹಿ ಬಿದ್ದಿತ್ತು, ಒಂದೇ ವರ್ಷಕ್ಕೆ.

“ಮುಂದಿನ ವರದಿ ಬರಲಿ, ಮತ್ತೆ ನೋಡುವ ಅಂದ್ರು,” ಎಂದು ಶೂ ಬಿಚ್ಚತೊಡಗಿದ.

“ಕಂಪ್ಯೂಟರಿನ ಆ ಪಾಠ ಅಳಿಸಿದೆಯಾ?”

“ಅಳಿಸಿದೆ.”

ಚಾ ಕೊಟ್ಟೆ. ಫ್ರಿಜ್ಜಿನ ಮೇಲಿನಿಂದ ಬಾಡಿಗೆ ಕರಾರು ಇಳಿಸಿ, ಅದೇ ಪೆನ್ನಿನಲ್ಲಿ ‘ಎರಡು’ ಹೊಡೆದು ‘ಒಂದು’ ಎಂದು ಬರೆದೆ.